ಸೇವೆ ಅಂದಮೇಲೆ ಲಾಭ ಯಾಕೆ ಸಾರ್?

ಪತ್ರ: ಬಿ.ಕಾಂ. ವಿದ್ಯಾರ್ಥಿಗಳಿಗೆ ಸಾಮಾಜಿಕ ಉದ್ಯಮಶೀಲತೆ (ಸಮಾಜದ ತೊಂದರೆಯನ್ನು ವ್ಯಾಪಾರದ ದಾರಿಯಲ್ಲೇ ಬಗೆಹರಿಸುವುದು) ಪಾಠ ಮಾಡುತ್ತೇನೆ. ‘ಸೇವೆ ಅಂದಮೇಲೆ ಲಾಭ ಯಾಕೆ ಸಾರ್?’ ಎಂದು ಕೇಳುತ್ತಾರೆ. ಪುಸ್ತಕದಲ್ಲಿರುವುದೆಲ್ಲ ಬಡವರಿಗೆ ಸಣ್ಣ ಸಾಲ ಕೊಡುವ ಬಾಂಗ್ಲಾದೇಶದ ‘ಗ್ರಾಮೀಣ ಬ್ಯಾಂಕ್’ನ ಕಥೆ. ಹೇಗೆ ಕಲಿಸಲಿ?
— ಉಪನ್ಯಾಸಕರೊಬ್ಬರು, ಉಡುಪಿ

ಉತ್ತರ: ಗ್ರಾಮೀಣ ಬ್ಯಾಂಕ್ ಇರಲಿ, ತಪ್ಪೇನಿಲ್ಲ. ಆದರೆ ಉಡುಪಿಯಲ್ಲಿ ಕೂತು ಪಿಗ್ಮಿ ಎಂಬ ದಿನದ ಉಳಿತಾಯದ ಠೇವಣಿಯನ್ನು ಬಿಟ್ಟು ಢಾಕಾಕ್ಕೆ ಹೋಗುವುದೇಕೆ? 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ನಿಮ್ಮೂರಲ್ಲೇ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರು ಕಂಗೆಟ್ಟಿದ್ದ ಕಾಲ. 1928ರಲ್ಲಿ ಪಿಗ್ಮಿ ಬಂತು: ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ಒಯ್ಯುತ್ತಿದ್ದ. (ಬ್ಯಾಂಕು 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು; ಪಿಗ್ಮಿ ಮಾತ್ರ ಅಂಗಡಿಯವರ ಬಾಯಲ್ಲಿ ಇನ್ನೂ ಉಂಟು.)

ಇಲ್ಲಿ ಪಾಠ ನಿಲ್ಲಿಸಿ ಕೇಳಿ: ಆ ಏಜೆಂಟನ ಕಮಿಷನ್ ಎಲ್ಲಿಂದ ಬರಬೇಕು? ದುಡ್ಡಿಟ್ಟವರಿಗೂ ಬಡ್ಡಿ ಕೊಡಬೇಕಲ್ಲ? ಕೂಡಿದ ಹಣವನ್ನು ಸಾಲ ಕೊಟ್ಟು, ಬಂದ ಬಡ್ಡಿಯಲ್ಲಿ ಇವೆರಡೂ ಕಳೆದು ಏನಾದರೂ ಉಳಿದರೆ ತಾನೇ ಏಜೆಂಟ್ ನಾಳೆಯೂ ಬರುವುದು! ನೀತಿಬೋಧೆ ಬೇಡ, ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರಾಯಿತು. ಲಾಭ ಎಷ್ಟಿರಬೇಕು, ಯಾರ ಕೈಗೆ ಹೋಗಬೇಕು ಎಂಬಲ್ಲಿ ನಿಜವಾದ ಜಗಳವಿದೆ. ಅದನ್ನು ಮಕ್ಕಳೇ ಆಡಲಿ.

ಆಮೇಲೆ ಮಲ್ಪೆಯ ಮೀನುಗಾರಿಕಾ ಬಂದರಿಗೆ ಕಳಿಸಿ. ಕಾಲೇಜಿನ ಹೊತ್ತಿಗಲ್ಲ, ಬೆಳಗ್ಗಿನ ಏಲಂ ಹೊತ್ತಿಗೆ. ಮೀನು ಮಾರುವ ಹೆಂಗಸೊಬ್ಬರ ಒಂದು ದಿನದ ಜಮಾಖರ್ಚು ಬರೆದುಕೊಳ್ಳಲಿ: ಏಲಂನಲ್ಲಿ ಕೊಟ್ಟದ್ದೆಷ್ಟು, ಐಸಿಗೆಷ್ಟು, ರಿಕ್ಷಾಕ್ಕೆಷ್ಟು, ಉಳಿದ ಬಂಗುಡೆಯನ್ನು ಕೊನೆಗೆ ಯಾವ ರೇಟಿಗೆ ಕೊಟ್ಟು ಬುಟ್ಟಿ ಖಾಲಿ ಮಾಡಿದರು, ಸಾಲವಿದ್ದರೆ ಕಂತು ದಿನಕ್ಕೋ ವಾರಕ್ಕೋ. ತಿಂಗಳಿಗೆ ಮುನ್ನೂರು ಕಟ್ಟಲಾಗದವರು ದಿನಕ್ಕೆ ಹತ್ತು ಕಟ್ಟಬಲ್ಲರು. 1995ರಲ್ಲಿ ಶುರುವಾದ ಸೆಲ್ಕೋ ಕಂಪನಿ ಬಡವರ ಮನೆಗೆ ಸೋಲಾರ್ ದೀಪ ತಲುಪಿಸಿದ್ದು ಇದೇ ಬುದ್ಧಿಯಿಂದ, ಕಂತನ್ನು ಗಿರಾಕಿಯ ಗಳಿಕೆಗೆ ಹೊಂದಿಸಿ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮೊದಲ ವಾರವೇ ನಿಮ್ಮ ಹುಡುಗರು ‘ಆ್ಯಪ್ ಮಾಡ್ತೇವೆ ಸಾರ್’ ಅನ್ನುತ್ತಾರೆ, ನೋಡಿ ಬೇಕಾದರೆ. ಜಮಾಖರ್ಚು ಮುಗಿಸದವರು ಆ್ಯಪಿನ ಮಾತೆತ್ತಲು ಬಿಡಬೇಡಿ. ‘ಅವರ ವ್ಯಾಪಾರ ಸರಿಯಾಗೇ ಇದೆ, ನಾವು ಮಾಡುವಂಥದ್ದೇನಿಲ್ಲ’ ಎಂದು ಬರೆದ ಗುಂಪಿಗೂ, ಲೆಕ್ಕ ನೇರವಿದ್ದರೆ, ಪೂರ್ತಿ ಅಂಕ ಕೊಡಿ. ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಆ ಹೆಂಗಸನ್ನೇ ಕರೆಸಿದರೆ ಇನ್ನೂ ಒಳ್ಳೆಯದು. ಅವರ ಆ ದಿನದ ದುಡಿಮೆಯನ್ನು ಮಾತ್ರ ಕಾಲೇಜು ತುಂಬಿಕೊಡಬೇಕು.
— ಸಂ.