ನಿಮ್ಮ ಕಮ್ಮಾರನ ಕುಲುಮೆ ಇನ್ನೂ ಹೊತ್ತಿಲ್ಲ

ನಮಸ್ಕಾರ.

ಅಮೆರಿಕದ ಕಮ್ಮಾರ ಜಾನ್ ಡಿಯರ್ ಮತ್ತು ಅವನ ಮನೆತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಐದನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅಲ್ಲಿ ಹೀಗೆ ಬರೆದಿದ್ದೀರಿ: "1837ರ ಒಂದು ದಿನ ಮುರಿದ ಗರಗಸವೊಂದು ಅವನ ಕಣ್ಣಿಗೆ ಬಿತ್ತು. ಮನಸ್ಸಿನಲ್ಲಿ ಮಿಂಚು ಹೊಳೆಯಿತು. ಕಾದ ಕಬ್ಬಿಣವನ್ನು ಬಡಿದ. ಜಗತ್ತಿನ ಮೊದಲ ಉಕ್ಕಿನ ನೇಗಿಲು ಹುಟ್ಟಿತು."

"ಮೊದಲ" ಎಂಬ ಪದವನ್ನು ಈಗಲೇ ಹೊಡೆದುಹಾಕಿ. ಡಿಯರ್ ನೇಗಿಲು ಮಾಡಿದ ಇಲಿನಾಯ್ ರಾಜ್ಯದಲ್ಲೇ ಜಾನ್ ಲೇನ್ ಎಂಬ ಇನ್ನೊಬ್ಬ ಕಮ್ಮಾರ 1833ರಲ್ಲೇ ಗರಗಸದ ಉಕ್ಕು ಬಳಸಿ ನೇಗಿಲು ಮಾಡಿದ್ದ.

"ಕಾದ ಕಬ್ಬಿಣವನ್ನು ಬಡಿದ." ಗರಗಸದ ಅಲಗು ಕಬ್ಬಿಣವಲ್ಲ, ಉಕ್ಕು. ಮೆದು ಕಬ್ಬಿಣವನ್ನು ಬಿಳಿಕಾವಿನವರೆಗೆ ತಂದು ಬಡಿಯಬಹುದು. ಉಕ್ಕನ್ನು ಅಷ್ಟು ಕಾಯಿಸಿದರೆ ಕಿಡಿ ಕಾರುತ್ತ ಸುಟ್ಟುಹೋಗುತ್ತದೆ, ಸುತ್ತಿಗೆ ಬಿದ್ದ ಕಡೆ ಉದುರುತ್ತದೆ. ಕೆಂಪು ಇಳಿದ ಮೇಲೆ ಬಡಿದರೆ ಸೀಳುತ್ತದೆ. ಇವೆರಡರ ನಡುವಿನ ಕಾವಿನಲ್ಲೇ ಕೆಲಸ ಮುಗಿಯಬೇಕು. ಅದಕ್ಕೂ ಮೊದಲು ಅಲಗಿನ ಹಲ್ಲುಗಳನ್ನು ತೆಗೆಯಬೇಕು: ಒಬ್ಬ ಉಳಿ ಹಿಡಿಯಬೇಕು, ಇನ್ನೊಬ್ಬ ಸಮ್ಮಟಿಗೆ ಬೀಸಬೇಕು. ಹಳ್ಳಿಯ ಕುಲುಮೆಯಲ್ಲಿ ಇಡೀ ಅಲಗು ಒಮ್ಮೆಗೇ ಕಾಯುವುದಿಲ್ಲ. ಅಂಗೈಯಗಲದಷ್ಟು ಕಾಯಿಸಿ, ಬಾಗಿಸಿ, ಮತ್ತೆ ಬೆಂಕಿಗಿಟ್ಟು, ಮುಂದಿನ ಭಾಗಕ್ಕೆ ಹೋಗಬೇಕು. ನಿಮ್ಮ ನಾಲ್ಕು ವಾಕ್ಯಗಳಲ್ಲಿ ತಿದಿ ಇಲ್ಲ, ಇಕ್ಕಳ ಇಲ್ಲ, ಸಮ್ಮಟಿಗೆ ಬೀಸಿದ ಆ ಇನ್ನೊಬ್ಬನೂ ಇಲ್ಲ.

"ಮಿಂಚು ಹೊಳೆಯಿತು" ಎಂಬ ವಾಕ್ಯ ನನಗೆ ಎಲ್ಲಕ್ಕಿಂತ ನೋವು ಕೊಟ್ಟಿತು, ಏಕೆಂದರೆ ಅದಕ್ಕೆ ಉತ್ತರ ನಿಮ್ಮ ಎರಡನೆಯ ಪುಟದಲ್ಲೇ ಇದೆ. "ವರ್ಮಾಂಟ್‌ನಲ್ಲಿ ಅವನು ಮಾಡಿದ ಹುಲ್ಲುಗೋಲು, ಸಲಿಕೆಗಳಿಗೆ ಹೆಸರಿತ್ತು" ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹೆಸರು ಬಂದದ್ದು ಯಾವುದಕ್ಕೆ? ನುಣುಪಿಗೆ. ಹುಲ್ಲುಗೋಲಿನ ಮುಳ್ಳುಗಳು ನುಣುಪಾಗಿದ್ದರೆ ಹುಲ್ಲಿನ ಮೆದೆಯೊಳಗೆ ಸಲೀಸಾಗಿ ಇಳಿಯುತ್ತವೆ, ಸಲೀಸಾಗಿ ಹೊರಬರುತ್ತವೆ. ಇಲಿನಾಯ್‌ನ ಹುಲ್ಲುಗಾವಲು ನೆಲದಲ್ಲಿ ರೈತರ ಗೋಳೇ ಈ ನುಣುಪಿಲ್ಲದ್ದಾಗಿತ್ತು. ವರ್ಮಾಂಟ್ ಇರುವ ಪೂರ್ವದ ಮರಳುಮಿಶ್ರಿತ ಮಣ್ಣಿನಲ್ಲಿ ಓಡುತ್ತಿದ್ದ ಬೀಡು ಕಬ್ಬಿಣದ ನೇಗಿಲಿಗೆ ಇಲ್ಲಿನ ಕಪ್ಪು ಜಿಗುಟು ಮಣ್ಣು ಮೆತ್ತಿಕೊಳ್ಳುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಕೆರೆಯಬೇಕಿತ್ತು. ಮಳೆ ಬಿದ್ದ ಎರೆಹೊಲದಲ್ಲಿ ಕಾಲಿಟ್ಟ ನಮ್ಮ ಓದುಗರಿಗೆ ಈ ಅಂಟು ಗೊತ್ತು.

1838ರಲ್ಲಿ ಡಿಯರ್ ಮಾಡಿದ ನೇಗಿಲೊಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅದರ ಕುಳ ಉಕ್ಕಿನದು, ಆದರೆ ಮಣ್ಣು ಮಗುಚುವ ರೆಕ್ಕೆ ನಯಮಾಡಿದ ಮೆದು ಕಬ್ಬಿಣದ್ದು. ಅಂದರೆ ಬರೀ ಉಕ್ಕಲ್ಲ, ನುಣುಪು ಮತ್ತು ಬಾಗು ಮಣ್ಣನ್ನು ಜಾರಿಸಿದವು. 1821ರಲ್ಲಿ ಹದಿನೇಳರ ಹುಡುಗ ಡಿಯರ್ ವರ್ಮಾಂಟ್‌ನ ಮಿಡ್ಲ್‌ಬರಿ ಊರಿನ ಕುಲುಮೆಗೆ ನಾಲ್ಕು ವರ್ಷದ ಕರಾರಿನ ಮೇಲೆ ಸೇರಿದ. ಮೊದಲ ವರ್ಷಕ್ಕೆ 30 ಡಾಲರ್, ಮುಂದೆ ವರ್ಷಕ್ಕೆ 5 ಡಾಲರ್ ಏರಿಕೆ. ಅಲ್ಲಿಂದ ಹದಿನಾರು ವರ್ಷ ಕೈಯಲ್ಲಿ ಕೂತ ಕಸುಬು ಆ ರೆಕ್ಕೆಯಲ್ಲಿ ಕಾಣುತ್ತದೆ. ಅದನ್ನು ನೀವು ಮಿಂಚಿಗೆ ಒಪ್ಪಿಸಿಬಿಟ್ಟಿರಿ.

ಇನ್ನು ಮನೆತನ. "ತಂದೆ ಹಡಗು ಮುಳುಗಿ ಸತ್ತ" ಎಂದಿದ್ದೀರಿ. ದರ್ಜಿಯಾಗಿದ್ದ ತಂದೆ ವಿಲಿಯಮ್ 1808ರಲ್ಲಿ ಇಂಗ್ಲೆಂಡಿಗೆ ಹೊರಟ, ಮರಳಲಿಲ್ಲ. ಅಷ್ಟನ್ನೇ ಬರೆಯಿರಿ. ನಾಲ್ಕು ವರ್ಷದ ಮಗುವಿನ ಮನೆ ತಾಯಿ ಸಾರಾಳ ಹೊಲಿಗೆಯ ಮೇಲೆ ನಿಂತದ್ದು ಆಗ.

"1836ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಶ್ಚಿಮಕ್ಕೆ ಹೋದ." ತಪ್ಪು. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ, ಜೀವನಚರಿತ್ರೆ ಬಂದರೆ ಪುಟದ ಅಂಚಿನಲ್ಲಿ ಮೂರು ಸಂಗತಿ ಬರೆಯಲು ಹಿರಿಯರು ಹೇಳುತ್ತಿದ್ದರು: ಇಸವಿ, ವಯಸ್ಸು, ಆ ದಿನ ಮನೆಯವರು ಎಲ್ಲಿದ್ದರು. ನೀವೂ ಬರೆದು ನೋಡಿ. ಮಗ ಚಾರ್ಲ್ಸ್ ಹುಟ್ಟಿದ್ದು 1837ರ ಮಾರ್ಚ್‌ನಲ್ಲಿ, ವರ್ಮಾಂಟ್‌ನಲ್ಲಿ. ಸಾಲ ಕುತ್ತಿಗೆಗೆ ಬಂದು ಗಂಡ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಊರು ಸೇರಿದಾಗ ಬಸುರಿ ಡೆಮೇರಿಯಸ್ ಮಕ್ಕಳೊಂದಿಗೆ ಹಿಂದೆಯೇ ಉಳಿದಿದ್ದಳು. ಆಮೇಲೆ ಕೈಗೂಸಿನೊಂದಿಗೆ ಅಷ್ಟು ದೂರ ಬಂದಳು. ಮುಂದೆ ಅಪ್ಪನ ನೇಗಿಲು ಕಾರ್ಖಾನೆಯನ್ನು ನಡೆಸಿ ಬೆಳೆಸಿದವನು ಆ ಕೂಸು. ನಿಮ್ಮ ಒಂದು ವಾಕ್ಯದಲ್ಲಿ ಅವಳ ಈ ಪಯಣವೇ ಅಳಿಸಿಹೋಗಿದೆ. 1865ರಲ್ಲಿ ಅವಳು ತೀರಿಕೊಂಡ ಬಳಿಕ ಡಿಯರ್ ಅವಳ ತಂಗಿ ಲೂಸೀನಿಯಾಳನ್ನು ಮದುವೆಯಾದ. ನೀವು ಇಬ್ಬರನ್ನೂ ಒಬ್ಬಳೇ ಎಂಬಂತೆ ಬರೆದಿದ್ದೀರಿ.

ಮುಂದೆ ಅವನು ಇಲಿನಾಯ್‌ನ ಮೊಲೀನ್ ಊರಿಗೆ ಹೋದದ್ದು, ಮೇಯರ್ ಆದದ್ದು ಇತ್ಯಾದಿಗೆ ನನ್ನ ತಕರಾರಿಲ್ಲ. ಆದರೆ 1839ರಲ್ಲಿ 10 ನೇಗಿಲು, 1841ರಲ್ಲಿ 75 ಎಂಬ ಲೆಕ್ಕವನ್ನು ಕೊನೆಯ ಪುಟದಿಂದ ತೆಗೆದು ಕುಲುಮೆಯ ಪಕ್ಕದಲ್ಲಿಡಿ. ಮುರಿದ ಗರಗಸಗಳನ್ನು ನಂಬಿ ಅಷ್ಟು ಮಾಡಲಾಗದು, ಉಕ್ಕಿಗಾಗಿ ಇಂಗ್ಲೆಂಡಿಗೆ ಬರೆಯಬೇಕಾಯಿತು ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಲೇಖನವನ್ನು ಹುಲ್ಲುಗೋಲಿನಿಂದ ಶುರುಮಾಡಿ. ಐದನೆಯ ಪುಟ ಬರೆಯುವ ಮುನ್ನ ನಿಮ್ಮೂರಿನ ಕುಲುಮೆಯಲ್ಲಿ ಒಂದು ಬೆಳಗು ನಿಂತು, ಉಕ್ಕಿನ ಬಣ್ಣ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ನೋಡಿ ಬನ್ನಿ. ತಿದ್ದಿ ಕಳಿಸಿ, ಕಾಯುತ್ತೇನೆ.