ಹೆಡ್‌ಲೈಟಿಗೆ 100 ವ್ಯಾಟ್ ಬಲ್ಬ್ ಹಾಕಿದರೆ ವೈರ್ ಯಾಕೆ ಸುಡುತ್ತದೆ?

ಕಾರಿನ 60 ವ್ಯಾಟ್ ಬಲ್ಬ್ ತೆಗೆದು 100 ವ್ಯಾಟಿನದು ಹಾಕಿದರೆ ವೈರಿಂಗ್ ಕರಗಬಹುದು, ಬೆಂಕಿಯೂ ಹತ್ತಬಹುದು. ಆ ವೈರು, ಸ್ವಿಚ್ಚು ಅಷ್ಟು ಕರೆಂಟಿಗೆ ಮಾಡಿದವಲ್ಲ.

12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬ್ 5 ಆಂಪಿಯರ್ ಎಳೆಯುತ್ತದೆ, 100 ವ್ಯಾಟಿನದು 8.3. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ಆದರೆ ಕರೆಂಟು ಎರಡರಷ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕರಷ್ಟಾಗುತ್ತದೆ. ಇಲ್ಲಿ ಸುಮಾರು 2.8 ಪಟ್ಟು. ಪೆಟ್ಟು ಮೊದಲು ಬೀಳುವುದು ಸಾಮಾನ್ಯವಾಗಿ ಬಲ್ಬಿನ ಹಿಂದಿನ ಪ್ಲಾಸ್ಟಿಕ್ ಹೋಲ್ಡರಿಗೆ. ಪಿನ್ ಸಡಿಲವಿದ್ದ ಕಡೆ ಅದು ಕಂದು ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಸುಟ್ಟ ವಾಸನೆ ಬರುತ್ತದೆ.

ಫ್ಯೂಸ್ ಹಾರುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕುವುದಂತೂ ಶುದ್ಧ ತಪ್ಪು. ಫ್ಯೂಸ್ ಇರುವುದು ಬಲ್ಬನ್ನಲ್ಲ, ವೈರನ್ನು ಕಾಯಲು.

ಹಾಕಲೇಬೇಕೆಂದರೆ ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿ. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸ್, ಸೆರಾಮಿಕ್ ಹೋಲ್ಡರ್. ನಾನಾದರೆ ಹಳೇ ಬಲ್ಬನ್ನೇ ಇಟ್ಟು ರಿಲೇ ಮಾತ್ರ ಹಾಕಿಸುತ್ತೇನೆ. ಹಳೇ ಕಾರಿನಲ್ಲಿ ಸವೆದ ವೈರು ನುಂಗುತ್ತಿದ್ದ ವೋಲ್ಟೇಜು ಬಲ್ಬಿಗೆ ಸಿಕ್ಕಿದರೆ ಬೆಳಕು ತಾನಾಗಿ ಜಾಸ್ತಿಯಾಗುತ್ತದೆ.