ವಾಹನ ಪ್ರಶ್ನೋತ್ತರ: ಟೈರಿಗೆ ಉಜ್ಜುವ ವೈರಿಂಗ್

ಪ್ರಶ್ನೆ: ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಮುಂದಿನ ಬಲಚಕ್ರದಲ್ಲಿ ಉಜ್ಜಿದ ಸದ್ದು ಬರುತ್ತದೆ. ಫಾಗ್ ಲ್ಯಾಂಪಿನ 15 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿದೆ. 185/65 ಆರ್15 ಟೈರ್ ತೆಗೆಸಿ 195/65 ಆರ್15 ಹಾಕಿಸಿದ್ದೇನೆ. 20 ಆಂಪಿಯರ್ ಫ್ಯೂಸ್ ಹಾಕಬಹುದೇ?
– ಓದುಗರು, ಮದ್ದೂರು

ಉತ್ತರ: ಖಂಡಿತ ಬೇಡ. 55 ವ್ಯಾಟಿನ ಎರಡು ಬಲ್ಬ್‌ಗಳು 12 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್ ಅಷ್ಟೇ. 15ರ ಫ್ಯೂಸೇ ನಿಲ್ಲುತ್ತಿಲ್ಲವೆಂದರೆ ವೈರಿನ ಸಿಪ್ಪೆ ಸವೆದು ತಾಮ್ರ ಕಾರಿನ ಬಾಡಿಯ ತಗಡಿಗೆ ತಾಗುತ್ತಿರುವ ಸಂಭವವೇ ಹೆಚ್ಚು. ಫ್ಯೂಸ್ ದೊಡ್ಡದು ಮಾಡಿದರೆ ಅದರ ಬದಲು ವೈರು ಸುಡುತ್ತದೆ.

ಹೊಸ ಟೈರು 10 ಮಿ.ಮೀ. ಅಗಲ ಹೆಚ್ಚು, ಅಂದರೆ ಎರಡೂ ಪಕ್ಕಕ್ಕೆ 5 ಮಿ.ಮೀ. ಉಬ್ಬಿದೆ; ಸುತ್ತಲೂ 6.5 ಮಿ.ಮೀ. ಎತ್ತರವೂ ಆಗಿದೆ. ಇಷ್ಟರಿಂದಲೇ ಎಲ್ಲ ಕಾರುಗಳಲ್ಲೂ ಉಜ್ಜುವುದಿಲ್ಲ. ನಿಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಗದ್ದೆ ಮಣ್ಣು ರಸ್ತೆಗೆ ಬರುತ್ತದಲ್ಲ, ಅದು ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ಗೆ ಮೆತ್ತಿ ಒಣಗಿದರೆ ಆ ಭಾರಕ್ಕೆ ಕ್ಲಿಪ್ ಕಿತ್ತು ಲೈನರ್ ಟೈರಿನ ಕಡೆ ಜೋತುಬೀಳುತ್ತದೆ. ಟೈರು ಮೊದಲು ಲೈನರನ್ನು ತೂತು ಮಾಡುತ್ತದೆ, ಆಮೇಲೆ ಅದರ ಹಿಂದಿನ ಹಾರ್ನೆಸ್ಸಿಗೆ, ಅಂದರೆ ವೈರುಗಳ ಕಟ್ಟಿಗೆ, ಕೈಹಾಕುತ್ತದೆ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ. ಚಕ್ರ, ಲೈನರ್ ಬಿಚ್ಚಿ ಹಾರ್ನೆಸ್ ತೊಳೆದು ಒರೆಸಿ. ಟೇಪು ಮಾತ್ರ ಸವೆದಿದ್ದರೆ ಅದೃಷ್ಟ. ತಾಮ್ರ ಕಂಡರೆ ಅದರ ಬಣ್ಣ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ, ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ, ಅದೇ ದಪ್ಪದ ವೈರಿನ ತುಂಡು ಸೇರಿಸಿ. ಇಲ್ಲಿ ಬೆಸುಗೆಗಿಂತ ಕ್ರಿಂಪ್ (ಲೋಹದ ಕೊಳವೆಯೊಳಗೆ ವೈರಿಟ್ಟು ಇಕ್ಕಳದಿಂದ ಒತ್ತುವುದು) ಒಳ್ಳೆಯದು: ಬೆಸುಗೆ ಹಾಕಿದ ಜಾಗ ಬಿರುಸಾಗಿ, ನಡುಕಕ್ಕೆ ಅದರ ಅಂಚಿನಲ್ಲೇ ವೈರು ಮುರಿಯುತ್ತದೆ. ಜೋಡಣೆಗಳು ಒಂದರ ಪಕ್ಕ ಒಂದು ಬರದಂತೆ 3–4 ಸೆಂ.ಮೀ. ಹಿಂದೆಮುಂದೆ ಇರಲಿ. ಪ್ರತಿಯೊಂದಕ್ಕೂ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ತುದಿಯಲ್ಲಿ ಅಂಟು ಒಸರುವವರೆಗೂ ಬಿಸಿಮಾಡಿ.

ಇನ್ನು ದಾರಿ ಬದಲಿಸುವುದು. ಹಾರ್ನೆಸ್ಸನ್ನು ಸೀಳುಳ್ಳ ಸುರುಳಿ ಪೈಪಿನೊಳಗೆ ಹಾಕಿ, ಸೀಳು ಕೆಳಮುಖವಾಗಿರಲಿ, ನೀರು ಇಳಿದುಹೋಗುತ್ತದೆ. ಮೇಲೆ ಬಟ್ಟೆ ಟೇಪು ಸುತ್ತಿ; ಮಾಮೂಲಿ ಕರಿ ಟೇಪಿನ ಅಂಟು ಬಿಸಿಲಿಗೆ ಕರಗಿ ಬಿಚ್ಚಿಕೊಳ್ಳುತ್ತದೆ. ನಂತರ ಟೈರಿನಿಂದ ದೂರಕ್ಕೆ, ಬಾಡಿಯ ತಗಡಿಗೆ ಒತ್ತಿ, 15–20 ಸೆಂ.ಮೀ.ಗೆ ಒಂದರಂತೆ ರಬ್ಬರ್ ಹಾಸಿನ ಪಿ-ಕ್ಲಿಪ್ಪಿನಿಂದ (ಇಂಗ್ಲಿಷ್ P ಆಕಾರದ ಹಿಡಿಕೆ) ಹಿಡಿಸಿ. ಈಗಾಗಲೇ ಇರುವ ಬೋಲ್ಟ್‌ಗಳನ್ನೇ ಬಳಸಿ. ಹೊಸ ತೂತು ಕೊರೆದರೆ ಅಲ್ಲಿಂದ ತುಕ್ಕು ಶುರು. ಬ್ರೇಕ್ ಹೋಸ್, ಸಸ್ಪೆನ್ಷನ್ ಆರ್ಮ್, ಡ್ರೈವ್ ಶಾಫ್ಟ್ ಇವಕ್ಕೆ ಯಾವ ಕಾರಣಕ್ಕೂ ಕಟ್ಟಬೇಡಿ. ಕನೆಕ್ಟರ್ ಹತ್ತಿರ ಸ್ವಲ್ಪ ಸಡಿಲ ಬಿಡಿ. ಟೈರಿಗೂ ಹಾರ್ನೆಸ್ಸಿಗೂ ಕನಿಷ್ಠ 25 ಮಿ.ಮೀ. ಅಂತರ ಸಿಗಬೇಕು.

ಲೈನರನ್ನು ಹೊಸ ಕ್ಲಿಪ್ ಹಾಕಿ ಕೂರಿಸಿ, ಟೈರಿನ ಕಡೆಯ ಮೈಗೆ ಸೀಮೆಸುಣ್ಣ ಬಳಿಯಿರಿ. ಕಾರು ನೆಲದ ಮೇಲಿರುವಾಗ ಮುಂದೆ ಇಬ್ಬರು ಕೂತು ಎರಡೂ ಕಡೆಗೆ ಪೂರ್ತಿ ಸ್ಟೇರಿಂಗ್ ತಿರುಗಿಸಿ, ನಾಲ್ಕಾರು ಹಂಪ್ ದಾಟಿಸಿ. ಎಲ್ಲಾದರೂ ಸುಣ್ಣ ಅಳಿಸಿದ್ದರೆ ಅಲ್ಲಿ ಟೈರು ಇನ್ನೂ ತಾಗುತ್ತಿದೆ ಎಂದರ್ಥ. ಆಗ ಹಳೆ ಅಳತೆಯ ಟೈರಿಗೇ ಮರಳಿ. ಲೈನರ್ ಕೊಯ್ದು ಜಾಗ ಮಾಡುವುದು ನಮಗೆ ಒಪ್ಪಿಗೆಯಿಲ್ಲ, ಕೆಸರು ನೇರವಾಗಿ ವೈರಿಂಗ್ ಮೇಲೆ ಬೀಳುತ್ತದೆ.

ಪ್ರಶ್ನೆ: ಟೈರಿಗೆ ಉಜ್ಜಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ವೈರು ಕತ್ತರಿಸಿದೆ, ಅದರ ಎಚ್ಚರಿಕೆ ದೀಪ ಆರುತ್ತಿಲ್ಲ. ಜೋಡಿಸಬಹುದೇ?
– ಓದುಗರು, ಮೈಸೂರು

ಉತ್ತರ: ಸೆನ್ಸರನ್ನೇ ವೈರಿನ ಸಮೇತ ಬದಲಿಸಿ. ಈ ವೈರು ಪ್ರತಿ ಗುಂಡಿಗೂ, ಪ್ರತಿ ತಿರುವಿಗೂ ಮಣಿಯುತ್ತದೆ. ಜೋಡಣೆಯಿರುವ ಜಾಗ ಮಣಿಯದು, ನೀರು ಹೊಕ್ಕರೆ ಸಿಗ್ನಲ್ ಕೆಡುತ್ತದೆ. ಹೊಸ ವೈರಿನ ಮೇಲಿರುವ ರಬ್ಬರ್ ಗುಬುಟುಗಳು ಶಾಕ್ ಅಬ್ಸಾರ್ಬರಿನ ಬ್ರಾಕೆಟ್ಟಿನಲ್ಲಿ ಸರಿಯಾಗಿ ಕೂತಿವೆಯೇ ನೋಡಿ. ಒಂದು ತಪ್ಪಿದರೂ ವೈರು ಮತ್ತೆ ಟೈರಿನ ಕಡೆ ಬಾಗುತ್ತದೆ. ಎಬಿಎಸ್ ಸರಿಹೋಗುವವರೆಗೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಬಹುದೆಂಬ ಎಚ್ಚರದಲ್ಲೇ ಓಡಿಸಿ.

ಪ್ರಶ್ನೆ: ಸುರುಳಿ ಪೈಪಿನ ಬದಲು ಹಳೆ ಸೈಕಲ್ ಟ್ಯೂಬ್ ಸುತ್ತಿದರೆ?
– ಓದುಗರು, ಪಾಂಡವಪುರ

ಉತ್ತರ: ಬೇಡ. ಒಳಗೆ ಸೇರಿದ ನೀರು, ಮರಳು ಹೊರಗೆ ಬರುವುದಿಲ್ಲ. ಆ ಮರಳೇ ವೈರಿನ ಸಿಪ್ಪೆ ತಿಕ್ಕುತ್ತದೆ. 10 ಮಿ.ಮೀ. ಸುರುಳಿ ಪೈಪು ಒಂದು ಮೀಟರ್ ಇದ್ದರೆ ಒಂದು ಚಕ್ರದ ಕೆಲಸಕ್ಕೆ ಸಾಮಾನ್ಯವಾಗಿ ಸಾಕು.